ವೆನ್ವ್, ಯುವಿ, ಕಾಂಡಾ, ಪೊಯೆಟ್ರಿ: ನಿಮ್ಮ ಡೆಸ್ಕ್‌ಟಾಪ್‌ಗೆ ಯಾವುದು?

ಪೈಥಾನ್ ಪ್ಯಾಕೇಜ್, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ ಲೈಬ್ರರಿ, ಹಾಕಿಕೊಳ್ಳಲು ಇವತ್ತು ವೆನ್ವ್, ಯುವಿ, ಕಾಂಡಾ, ಪೊಯೆಟ್ರಿ ಅಂತ ಐದಾರು ದಾರಿಗಳಿವೆ. ಯಾವುದು ಒಳ್ಳೆಯದು ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ, ಯಾಕೆಂದರೆ ಪ್ರತಿಯೊಬ್ಬರೂ ತಮ್ಮ ಯಂತ್ರ, ತಮ್ಮ ಕೆಲಸ ನೋಡಿಕೊಂಡು ಹೇಳುತ್ತಾರೆ. ಮೂಡಿಗೆರೆಯ ಎಸ್ಟೇಟ್ ಆಫೀಸಿನಲ್ಲಿ ರೈಟರ್ (ಲೆಕ್ಕ ಬರೆಯುವ ಗುಮಾಸ್ತ) ಕೂರುವ ಹಳೆಯ ಡೆಸ್ಕ್‌ಟಾಪ್, ಹಾಸನದಲ್ಲಿ ಕೊನೆಯ ವರ್ಷದ ಪ್ರಾಜೆಕ್ಟ್ ಮಾಡುವ ನಾಲ್ವರ ನಾಲ್ಕು ಬಗೆಯ ಕಂಪ್ಯೂಟರ್, ಸಕಲೇಶಪುರದಲ್ಲಿ ತೋಟದ ನಕ್ಷೆ ಮಾಡಿಕೊಡುವವರ ಯಂತ್ರ. ಈ ಮೂರಕ್ಕೂ ಒಂದೇ ಮದ್ದು ನಡೆಯುವುದಿಲ್ಲ.

ಆಯ್ಕೆಗೆ ಮುಂಚೆ ಎರಡು ಪ್ರಶ್ನೆ ಸಾಕು. ನಿಮಗೆ ಬೇಕಾದ ಲೈಬ್ರರಿ ಪೂರ್ತಿ ಪೈಥಾನ್‌ನಲ್ಲೇ ಬರೆದದ್ದೋ, ಅಥವಾ ಅದರ ಹೊಟ್ಟೆಯೊಳಗೆ ಸಿ, ಫೋರ್ಟ್ರಾನ್ ಕೋಡ್ ಇದೆಯೋ? ಬರೆದ ಪ್ರೋಗ್ರಾಂ ಇದೇ ಯಂತ್ರದಲ್ಲಿ ಉಳಿಯುತ್ತದೋ, ಇನ್ನೊಬ್ಬರ ಯಂತ್ರಕ್ಕೂ ಹೋಗುತ್ತದೋ? ವೇಗ, ಹೊಸತನ, ಯಾರೋ ಯೂಟ್ಯೂಬ್‌ನಲ್ಲಿ ಹೊಗಳಿದ್ದು, ಇವೆಲ್ಲ ಆಮೇಲೆ.

ಆಜ್ಞೆಗಳನ್ನು ಇಲ್ಲಿ ಓದುವ ಹಾಗೆ ಕನ್ನಡದಲ್ಲಿ ಬರೆದಿದೆ. ಟರ್ಮಿನಲ್‌ನಲ್ಲಿ ಟೈಪ್ ಮಾಡುವಾಗ ಅವೇ ಪದಗಳನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಹಾಕಬೇಕು. ಅಡ್ಡಗೆರೆ, ಚುಕ್ಕಿ, ಅಂಕಿಗಳು ಇದ್ದಂತೆಯೇ.

ಸಿಸ್ಟಮ್ ಪೈಥಾನ್‌ಗೆ ಕೈ ಹಾಕಬೇಡಿ

ಉಬುಂಟು, ಡೆಬಿಯನ್‌ಗಳಲ್ಲಿ ಪೈಥಾನ್ ಬರೀ ನಿಮಗಾಗಿ ಇರುವುದಲ್ಲ. ಆಪರೇಟಿಂಗ್ ಸಿಸ್ಟಮ್ಮಿನ ಎಷ್ಟೋ ಉಪಕರಣಗಳು ಅದರ ಮೇಲೆಯೇ ನಿಂತಿವೆ. ಪಿಪ್ ಅಂದರೆ ಪೈಥಾನ್ ಪ್ಯಾಕೇಜುಗಳನ್ನು ಇಳಿಸಿ ಹಾಕುವ ಉಪಕರಣ. 'ಸುಡೋ ಪಿಪ್ ಇನ್‌ಸ್ಟಾಲ್' ಅಂತ ಹೊಡೆದು ಅದರೊಳಗಿನ ಯಾವುದೋ ಪ್ಯಾಕೇಜಿನ ಆವೃತ್ತಿ ಬದಲಾಯಿಸಿದರೆ, ನಾಳೆ ಸಾಫ್ಟ್‌ವೇರ್ ಅಪ್‌ಡೇಟ್ ಕೆಲಸ ಮಾಡದಿರಬಹುದು. ಅದಕ್ಕೇ 2023ರ ಡೆಬಿಯನ್ 12 ಮತ್ತು ಉಬುಂಟು 23.04ರಿಂದ ಈಚೆಗೆ, ಎನ್ವಿರಾನ್‌ಮೆಂಟ್ (ಒಂದು ಪ್ರಾಜೆಕ್ಟಿನ ಪ್ಯಾಕೇಜುಗಳನ್ನು ಬೇರೆಯಾಗಿ ಇಡುವ ಫೋಲ್ಡರ್) ಇಲ್ಲದೆ ಪಿಪ್ ಓಡಿಸಿದರೆ 'ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್' ಎಂಬ ದೋಷ ಬಂದು ನಿಲ್ಲುತ್ತದೆ. ಅದನ್ನು ದಾಟಲು '--ಬ್ರೇಕ್-ಸಿಸ್ಟಮ್-ಪ್ಯಾಕೇಜಸ್' ಅಂತ ಒಂದು ಆಯ್ಕೆ ಇದೆ. ಹೆಸರೇ ಎಚ್ಚರಿಕೆ ಕೊಡುತ್ತಿದೆ, ಆದರೂ ಹುಡುಕಾಟದಲ್ಲಿ ಮೊದಲು ಸಿಗುವ ಉತ್ತರ ಅಂತ ಅದನ್ನೇ ಅಂಟಿಸುವವರು ಬಹಳ.

ವಿಂಡೋಸ್‌ನಲ್ಲಿ ಆ ಅಪಾಯ ಇಲ್ಲ, ಬೇರೆ ಕಿರಿಕಿರಿ ಇದೆ. ಒಂದೇ ಪೈಥಾನ್‌ಗೆ ಎಲ್ಲವನ್ನೂ ತುಂಬಿದರೆ ಒಂದು ಪ್ರಾಜೆಕ್ಟಿಗೆ ಬೇಕಾದ ಆವೃತ್ತಿ ಇನ್ನೊಂದನ್ನು ಕೆಡಿಸುತ್ತದೆ. 2024ರ ಜೂನ್‌ನಲ್ಲಿ ಅಂಕಿಗಳ ಲೆಕ್ಕದ ಲೈಬ್ರರಿ ನಂಪೈ 2.0 ಬಂದಾಗ ಆದದ್ದು ಇದೇ. ನಂಪೈ 1ಕ್ಕೆ ಕಂಪೈಲ್ ಆಗಿದ್ದ (ಯಂತ್ರದ ಭಾಷೆಗೆ ತಿರುಗಿಸಿದ್ದ) ಲೈಬ್ರರಿಗಳು ಹೊಸದರ ಜೊತೆ ಓಡಲಿಲ್ಲ. ಆವೃತ್ತಿ ಸಂಖ್ಯೆ ಬರೆದಿಡದೆ ಬರೀ 'ನಂಪೈ' ಅಂತ ಪಟ್ಟಿಯಲ್ಲಿ ಹಾಕಿದ್ದವರ ಪ್ರೋಗ್ರಾಂ, ಒಂದಕ್ಷರವನ್ನೂ ಯಾರೂ ಮುಟ್ಟದಿದ್ದರೂ, ಹೊಸ ಯಂತ್ರದಲ್ಲಿ ನಿಂತುಹೋಯಿತು.

ವೀಲ್ ಇದೆಯೋ ಇಲ್ಲವೋ ನೋಡಿ

ಪಿಪ್ ಪ್ಯಾಕೇಜುಗಳನ್ನು ಎರಡು ರೂಪದಲ್ಲಿ ತರುತ್ತದೆ. ವೀಲ್ ಅಂದರೆ ಮೊದಲೇ ಕಂಪೈಲ್ ಆಗಿರುವ ಕಟ್ಟು, ಬಿಚ್ಚಿ ಜಾಗಕ್ಕೆ ಇಟ್ಟರೆ ಮುಗಿಯಿತು. ಇನ್ನೊಂದು ಸೋರ್ಸ್ ಕಟ್ಟು, ಅದನ್ನು ನಿಮ್ಮ ಯಂತ್ರದಲ್ಲೇ ಕಂಪೈಲ್ ಮಾಡಬೇಕು. ಅಂಗಡಿಯಿಂದ ಕಾಫಿಪುಡಿ ತರುವುದಕ್ಕೂ ಗಿಡದಿಂದ ಹಣ್ಣು ಕಿತ್ತು ತರುವುದಕ್ಕೂ ಇರುವ ವ್ಯತ್ಯಾಸ ಇದು. ಹಣ್ಣಾದರೆ ಪಲ್ಪರ್ ಬೇಕು, ಕಣ ಬೇಕು, ಬಿಸಿಲು ಬೇಕು.

ವಿಂಡೋಸ್‌ನಲ್ಲಿ 'ಮೈಕ್ರೋಸಾಫ್ಟ್ ವಿಷುಯಲ್ ಸಿ++ 14.0 ಅಥವಾ ಹೆಚ್ಚಿನದು ಬೇಕು' ಎಂಬ ಕೆಂಪು ಸಾಲು ಬಂದರೆ ಪಿಪ್‌ಗೆ ವೀಲ್ ಸಿಕ್ಕಿಲ್ಲ ಎಂದು ಅರ್ಥ. ಆ ಸಂದೇಶ ಹೇಳಿದಂತೆ ಹಲವು ಜಿಬಿಯ ಬಿಲ್ಡ್ ಟೂಲ್ಸ್ ಇಳಿಸಿಕೊಳ್ಳಲು ಹೊರಡುವ ಮುಂಚೆ ಪೈಥಾನ್ ಆವೃತ್ತಿ ನೋಡಿ. ಬಹಳಷ್ಟು ಸಲ ಕಾರಣ ಅಲ್ಲೇ ಇರುತ್ತದೆ. ಪೈಥಾನ್‌ನ ಹೊಸ ಆವೃತ್ತಿ ಪ್ರತಿವರ್ಷ ಅಕ್ಟೋಬರ್‌ನಲ್ಲಿ ಬರುತ್ತದೆ (3.12 ಬಂದದ್ದು 2023ರಲ್ಲಿ, 3.13 2024ರಲ್ಲಿ, 3.14 2025ರಲ್ಲಿ), ಆದರೆ ದೊಡ್ಡ ಲೈಬ್ರರಿಗಳ ವೀಲ್‌ಗಳು ತಯಾರಾಗಲು ಕೆಲವು ತಿಂಗಳು ಹಿಡಿಯುತ್ತದೆ. ಟೆನ್ಸರ್‌ಫ್ಲೋದಂಥ ಎಐ ಲೈಬ್ರರಿಗಳು ಇನ್ನೂ ನಿಧಾನ. ಆದ್ದರಿಂದ ಇರುವುದರಲ್ಲೇ ತೀರಾ ಹೊಸದಕ್ಕಿಂತ ಒಂದು ಹೆಜ್ಜೆ ಹಿಂದಿನ ಪೈಥಾನ್ ಇಟ್ಟುಕೊಳ್ಳುವುದು ಕ್ಷೇಮ.

ಅದರಲ್ಲೂ ಒಂದು ಸೂಕ್ಷ್ಮವಿದೆ. ಪ್ರತಿ ಆವೃತ್ತಿಗೂ ಐದು ವರ್ಷ ಬೆಂಬಲ ಇದ್ದರೂ, ವಿಂಡೋಸ್ ಇನ್‌ಸ್ಟಾಲರ್ ಸಿಗುವುದು ಮೊದಲ ಒಂದೂವರೆ ಎರಡು ವರ್ಷ ಮಾತ್ರ. ಆಮೇಲೆ ಭದ್ರತಾ ತಿದ್ದುಪಡಿಗಳು ಸೋರ್ಸ್ ರೂಪದಲ್ಲಷ್ಟೇ ಬರುತ್ತವೆ. 3.12 ಬೇಕಿದ್ದವರು ಪೈಥಾನ್ ತಾಣದಲ್ಲಿ 3.12.10ನ್ನೇ ಹುಡುಕಬೇಕು. ಅದರ ಮುಂದಿನವುಗಳಿಗೆ ಇನ್‌ಸ್ಟಾಲರ್ ಇಲ್ಲ.

ಯಂತ್ರದಲ್ಲಿ ವಿಂಡೋಸ್ 7 ಇದ್ದರೆ ಮಾತೇ ಬೇರೆ. ಅದರಲ್ಲಿ ಓಡುವ ಕೊನೆಯ ಪೈಥಾನ್ 3.8, ಅದರ ಬೆಂಬಲ 2024ರಲ್ಲೇ ಮುಗಿದಿದೆ. 32 ಬಿಟ್ ವಿಂಡೋಸ್ ಆಗಿದ್ದರೆ ಟೆನ್ಸರ್‌ಫ್ಲೋ, ಪೈಟಾರ್ಚ್ ಆಸೆ ಬಿಟ್ಟುಬಿಡಿ, ಅವಕ್ಕೆ 32 ಬಿಟ್ ವೀಲ್ ಇಲ್ಲ. ಅಂಥ ಯಂತ್ರಕ್ಕೆ ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿಬಿಡುವುದೇ ಲೇಸು, ಪ್ರೊಸೆಸರ್ 64 ಬಿಟ್ ಆಗಿದ್ದರೆ.

ವೆನ್ವ್ ಮತ್ತು ಪಿಪ್

ಪೈಥಾನ್ ಜೊತೆಗೇ ಬರುವ ಜೋಡಿ ಇದು. ವೆನ್ವ್ 2012ರಲ್ಲಿ 3.3ರ ಜೊತೆ ಬಂತು, ಪಿಪ್ ತಾನಾಗಿ ಸೇರಿಕೊಂಡದ್ದು 3.4ರಿಂದ. ಬೇರೇನೂ ಇಳಿಸಿಕೊಳ್ಳಬೇಕಿಲ್ಲ ಎಂಬುದೇ ಇದರ ದೊಡ್ಡ ಬಲ. ಉಬುಂಟು ಮಾತ್ರ ಇದನ್ನು ಕತ್ತರಿಸಿ ಬೇರೆ ಇಟ್ಟಿದೆ, 'ಸುಡೋ ಆಪ್ಟ್ ಇನ್‌ಸ್ಟಾಲ್ ಪೈಥಾನ್3-ವೆನ್ವ್' ಅಂತ ಒಮ್ಮೆ ಹಾಕಿಕೊಳ್ಳಬೇಕು.

ವಿಂಡೋಸ್‌ನಲ್ಲಿ ಪ್ರಾಜೆಕ್ಟ್ ಫೋಲ್ಡರಿಗೆ ಹೋಗಿ 'ಪೈ -3.12 -ಎಂ ವೆನ್ವ್ .ವೆನ್ವ್' ಎಂದರೆ ಚುಕ್ಕಿಯಿಂದ ಶುರುವಾಗುವ ಆ ಹೆಸರಿನ ಫೋಲ್ಡರ್ ಹುಟ್ಟುತ್ತದೆ. '.ವೆನ್ವ್\ಸ್ಕ್ರಿಪ್ಟ್ಸ್\ಆಕ್ಟಿವೇಟ್' ಎಂದರೆ ಅದು ಚಾಲೂ. ಲಿನಕ್ಸ್‌ನಲ್ಲಿ 'ಪೈಥಾನ್3 -ಎಂ ವೆನ್ವ್ .ವೆನ್ವ್', ಆಮೇಲೆ 'ಸೋರ್ಸ್ .ವೆನ್ವ್/ಬಿನ್/ಆಕ್ಟಿವೇಟ್'. ಅದಾದ ಮೇಲೆ 'ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್ ಪಾಂಡಾಸ್'. ಬರೀ 'ಪಿಪ್' ಅನ್ನದೆ 'ಪೈಥಾನ್ -ಎಂ ಪಿಪ್' ಅನ್ನುವ ಅಭ್ಯಾಸ ಇಟ್ಟುಕೊಂಡರೆ, ಯಾವ ಪೈಥಾನ್ ಓಡುತ್ತಿದೆಯೋ ಅದರೊಳಕ್ಕೇ ಪ್ಯಾಕೇಜ್ ಬೀಳುತ್ತದೆ. 'ಇನ್‌ಸ್ಟಾಲ್ ಆಯ್ತು ಅಂತ ಹೇಳ್ತದೆ, ಆದರೆ ಮಾಡ್ಯೂಲ್ ಇಲ್ಲ ಅಂತಲೂ ಹೇಳ್ತದೆ' ಎನ್ನುವ ಗೋಳಿಗೆ ಅರ್ಧ ಪರಿಹಾರ ಇದೇ.

ಪವರ್‌ಶೆಲ್‌ನಲ್ಲಿ ಆಕ್ಟಿವೇಟ್ ಮಾಡಲು ಹೋದಾಗ 'ಈ ಸಿಸ್ಟಮ್‌ನಲ್ಲಿ ಸ್ಕ್ರಿಪ್ಟ್ ಓಡಿಸುವುದನ್ನು ನಿಷೇಧಿಸಲಾಗಿದೆ' ಎಂಬ ಅರ್ಥದ ದೋಷ ಬರಬಹುದು. 'ಸೆಟ್-ಎಕ್ಸಿಕ್ಯೂಷನ್‌ಪಾಲಿಸಿ -ಸ್ಕೋಪ್ ಕರೆಂಟ್‌ಯೂಸರ್ ರಿಮೋಟ್‌ಸೈನ್ಡ್' ಎಂದು ಒಮ್ಮೆ ಕೊಟ್ಟರೆ ನಿಮ್ಮ ಖಾತೆಗೆ ಮಾತ್ರ ಅನುಮತಿ ಸಿಗುತ್ತದೆ, ಅಡ್ಮಿನ್ ಪಾಸ್‌ವರ್ಡ್ ಬೇಡ. ಅದೂ ಬೇಡವೆಂದರೆ ಹಳೆಯ ಕಮಾಂಡ್ ಪ್ರಾಂಪ್ಟ್ ತೆರೆಯಿರಿ, ಅಲ್ಲಿ ಈ ತಡೆ ಇಲ್ಲ.

ಅಸಲಿಗೆ ಆಕ್ಟಿವೇಟ್ ಮಾಡಲೇಬೇಕೆಂದೇನಿಲ್ಲ. ಎಸ್ಟೇಟಿನಲ್ಲಿ ದಿನವೂ ಬೆಳಿಗ್ಗೆ ಮಳೆಯ ಲೆಕ್ಕ, ಇಂಚು ಸೆಂಟುಗಳಲ್ಲಿ ಎಕ್ಸೆಲ್‌ಗೆ ಬರೆದದ್ದನ್ನು, ಒಂದು ಸ್ಕ್ರಿಪ್ಟ್ ಮಿಲಿಮೀಟರಿಗೆ ತಿರುಗಿಸಿ ತಿಂಗಳ ಹಾಳೆಗೆ ಸೇರಿಸಬೇಕು ಅನ್ನೋಣ. ಒಂದು ಇಂಚು ಎಂದರೆ ನೂರು ಸೆಂಟು, 25.4 ಮಿಲಿಮೀಟರ್, ಲೆಕ್ಕ ಸುಲಭ. ವಿಂಡೋಸ್ ಟಾಸ್ಕ್ ಶೆಡ್ಯೂಲರ್‌ನಲ್ಲಿ ಪ್ರೋಗ್ರಾಂ ಜಾಗಕ್ಕೆ ಆ ಪ್ರಾಜೆಕ್ಟಿನ '.ವೆನ್ವ್\ಸ್ಕ್ರಿಪ್ಟ್ಸ್' ಒಳಗಿರುವ ಪೈಥಾನ್ ಫೈಲಿನ ಪೂರ್ತಿ ವಿಳಾಸ, ಆರ್ಗ್ಯುಮೆಂಟ್ ಜಾಗಕ್ಕೆ ಸ್ಕ್ರಿಪ್ಟಿನ ಪೂರ್ತಿ ವಿಳಾಸ ಕೊಟ್ಟರೆ ಸಾಕು. 'ಸ್ಟಾರ್ಟ್ ಇನ್' ಖಾನೆಯಲ್ಲಿ ಪ್ರಾಜೆಕ್ಟ್ ಫೋಲ್ಡರ್ ಹಾಕುವುದನ್ನು ಮರೆತರೆ ಸ್ಕ್ರಿಪ್ಟ್ ಎಕ್ಸೆಲ್ ಫೈಲನ್ನು ಬೇರೆಲ್ಲೋ ಹುಡುಕಿ ಸಿಗಲಿಲ್ಲ ಎನ್ನುತ್ತದೆ. ಇಂಥ ಒಂಟಿ ಯಂತ್ರದ, ಎರಡು ಮೂರು ಲೈಬ್ರರಿಯ ಕೆಲಸಕ್ಕೆ ವೆನ್ವ್ ಬಿಟ್ಟು ಬೇರೆಯದನ್ನು ಹುಡುಕುವುದು ದಂಡ.

ಇದರ ದೌರ್ಬಲ್ಯ ಪಟ್ಟಿ ಇಡುವುದರಲ್ಲಿದೆ. 'ಪೈಥಾನ್ -ಎಂ ಪಿಪ್ ಫ್ರೀಜ್ > ರಿಕ್ವೈರ್‌ಮೆಂಟ್ಸ್.ಟಿಎಕ್ಸ್‌ಟಿ' ಎಂದರೆ ಒಳಗಿರುವುದೆಲ್ಲ ಆವೃತ್ತಿ ಸಮೇತ ಸಾಲಾಗಿ ಬರುತ್ತದೆ. ಆದರೆ ನೀವು ಕೇಳಿ ಹಾಕಿಸಿದ್ದು ಯಾವುದು, ಅದರ ಹಿಂದೆ ತಾನಾಗಿ ಬಂದದ್ದು ಯಾವುದು ಎಂಬುದು ಆ ಪಟ್ಟಿಯಿಂದ ತಿಳಿಯದು. ವಿಂಡೋಸ್‌ನಲ್ಲಿ ಫ್ರೀಜ್ ಮಾಡಿದ ಪಟ್ಟಿಯಲ್ಲಿ ವಿಂಡೋಸ್‌ಗೆ ಮಾತ್ರ ಇರುವ 'ಪೈವಿನ್32' ಪ್ಯಾಕೇಜ್ ಇದ್ದರೆ ಲಿನಕ್ಸ್ ಯಂತ್ರದಲ್ಲಿ ಆ ಒಂದು ಸಾಲಿಗೇ ಇಡೀ ಇನ್‌ಸ್ಟಾಲ್ ನಿಲ್ಲುತ್ತದೆ. ವಿಂಡೋಸ್ ಜೊತೆ ಬರುವ ಪವರ್‌ಶೆಲ್ 5.1ರಲ್ಲಿ ಆ '>' ಗುರುತು ಫೈಲನ್ನು ಯುಟಿಎಫ್-16 ಎಂಬ ಬೇರೆ ಬಗೆಯ ಅಕ್ಷರ ಸಂಕೇತದಲ್ಲಿ ಬರೆಯುತ್ತದೆ. ಪಿಪ್ ಹೇಗೋ ಓದಿಕೊಳ್ಳುತ್ತದೆ, ಬೇರೆ ಎಷ್ಟೋ ಉಪಕರಣಗಳು ಕಸ ಎಂದು ತಳ್ಳುತ್ತವೆ. ಫ್ರೀಜ್ ಮಾಡುವುದನ್ನು ಕಮಾಂಡ್ ಪ್ರಾಂಪ್ಟ್‌ನಲ್ಲೇ ಮಾಡಿ.

ಇನ್ನೊಂದು, ಎನ್ವಿರಾನ್‌ಮೆಂಟ್ ಫೋಲ್ಡರನ್ನು ಎತ್ತಿಕೊಂಡು ಹೋಗಲು ಬರುವುದಿಲ್ಲ. ಅದರೊಳಗಿನ ಫೈಲುಗಳಲ್ಲಿ ಮೂಲ ಪೈಥಾನ್ ಎಲ್ಲಿದೆ, ಈ ಫೋಲ್ಡರ್ ಎಲ್ಲಿದೆ ಎಂಬ ಪೂರ್ತಿ ವಿಳಾಸ ಬರೆದಿರುತ್ತದೆ. ಪೆನ್‌ಡ್ರೈವ್‌ಗೆ ಹಾಕಿಕೊಂಡು ಸ್ನೇಹಿತರ ಯಂತ್ರಕ್ಕೆ ಕಾಪಿ ಮಾಡಿದರೂ, ಅದೇ ಯಂತ್ರದಲ್ಲಿ ಫೋಲ್ಡರಿನ ಹೆಸರು ಬದಲಿಸಿದರೂ ಕೆಡುತ್ತದೆ. ಮೂಲ ಪೈಥಾನ್ ಅನ್‌ಇನ್‌ಸ್ಟಾಲ್ ಮಾಡಿದರೆ ವಿಂಡೋಸ್‌ನಲ್ಲಿ 'ನೋ ಪೈಥಾನ್ ಆಟ್' ಎಂದು ಹಳೆಯ ವಿಳಾಸ ತೋರಿಸಿ ಸುಮ್ಮನಾಗುತ್ತದೆ. ಲಿನಕ್ಸ್‌ನಲ್ಲಿ ಉಬುಂಟು 22.04ರಿಂದ 24.04ಕ್ಕೆ ಏರಿಸಿದರೆ ಪೈಥಾನ್ 3.10 ಹೋಗಿ 3.12 ಬರುತ್ತದೆ. ನಿಮ್ಮ ಪ್ಯಾಕೇಜುಗಳು 3.10ರ ಫೋಲ್ಡರಿನಲ್ಲೇ ಉಳಿದಿರುತ್ತವೆ, ಹೊಸ ಪೈಥಾನ್ ಅತ್ತ ತಿರುಗಿಯೂ ನೋಡುವುದಿಲ್ಲ. ರಿಪೇರಿಗೆ ಕೂರಬೇಡಿ. ಫೋಲ್ಡರ್ ಅಳಿಸಿ, ಪಟ್ಟಿಯಿಂದ ಮತ್ತೆ ಕಟ್ಟಿ. ಪಟ್ಟಿ ಇಲ್ಲದಿದ್ದರೆ ಮಾತ್ರ ಕಷ್ಟ.

ಯುವಿ

ಆಸ್ಟ್ರಲ್ ಎಂಬ ಕಂಪನಿ ರಸ್ಟ್ ಭಾಷೆಯಲ್ಲಿ ಬರೆದ ಯುವಿ 2024ರ ಫೆಬ್ರವರಿಯಲ್ಲಿ ಬಂತು. ಪಿಪ್, ವೆನ್ವ್, ಪೈಎನ್ವ್ (ಹಲವು ಪೈಥಾನ್ ಆವೃತ್ತಿ ಇಟ್ಟುಕೊಳ್ಳಲು), ಪಿಪ್‌ಎಕ್ಸ್ (ಒಂಟಿ ಉಪಕರಣ ಹಾಕಿಕೊಳ್ಳಲು) ಈ ನಾಲ್ಕೂ ಮಾಡುವ ಕೆಲಸವನ್ನು ಇದೊಂದೇ ಮಾಡುತ್ತದೆ. ಎಲ್ಲರೂ ಇದರ ವೇಗ ಹೊಗಳುತ್ತಾರೆ, ಅದು ನಿಜವೂ ಹೌದು. ಆದರೆ ನಮ್ಮ ಕಡೆಯ ಬಳಕೆಗೆ ಅದಕ್ಕಿಂತ ಬೆಲೆಯುಳ್ಳವು ಬೇರೆ ಇವೆ.

ಮೊದಲನೆಯದು, ಪೈಥಾನ್‌ನನ್ನೇ ಅದು ತಂದುಕೊಡುತ್ತದೆ. 'ಯುವಿ ಪೈಥಾನ್ ಇನ್‌ಸ್ಟಾಲ್ 3.12' ಎಂದರೆ ಸಿಸ್ಟಮ್ ಪೈಥಾನ್‌ಗೆ ಸಂಬಂಧವಿಲ್ಲದ ಒಂದು ಪೈಥಾನ್ ನಿಮ್ಮ ಬಳಕೆದಾರ ಫೋಲ್ಡರಿಗೆ ಬಂದು ಕೂರುತ್ತದೆ. ಅಡ್ಮಿನ್ ಪಾಸ್‌ವರ್ಡ್ ಬೇಡ. ಲ್ಯಾಬ್ ಯಂತ್ರಗಳಲ್ಲಿ ಇದು ದೊಡ್ಡ ಅನುಕೂಲ. ಉಬುಂಟು ಏರಿಸಿದರೂ ಅದು ಅಲುಗಾಡುವುದಿಲ್ಲ.

ಎರಡನೆಯದು ಲಾಕ್ ಫೈಲ್, ಅಂದರೆ ಪ್ರತಿ ಪ್ಯಾಕೇಜಿನ ಖಚಿತ ಆವೃತ್ತಿ ಬರೆದಿಟ್ಟ ಪಟ್ಟಿ. 'ಯುವಿ ಇನಿಟ್' ಎಂದು ಪ್ರಾಜೆಕ್ಟ್ ಶುರು ಮಾಡಿ, 'ಯುವಿ ಆಡ್ ಪಾಂಡಾಸ್' ಎಂದರೆ ನೀವು ಕೇಳಿದ್ದು ಮಾತ್ರ ಪೈಪ್ರಾಜೆಕ್ಟ್.ಟಾಮಲ್ ಫೈಲಿಗೆ ಹೋಗುತ್ತದೆ. ಹಿಂದೆ ಬಂದವೆಲ್ಲ, ಆವೃತ್ತಿ ಮತ್ತು ಹ್ಯಾಶ್ (ಫೈಲ್ ಅದೇ ಎಂದು ಪತ್ತೆಹಚ್ಚುವ ಗುರುತು) ಸಮೇತ, ಯುವಿ.ಲಾಕ್ ಫೈಲಿಗೆ. ಈ ಲಾಕ್ ಫೈಲ್ ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರಕ್ಕೂ ಸೇರಿಸಿ ಲೆಕ್ಕ ಹಾಕಿರುತ್ತದೆ. ಹಾಸನದ ಆ ನಾಲ್ವರ ತಂಡದಲ್ಲಿ ಇಬ್ಬರದು ವಿಂಡೋಸ್, ಒಬ್ಬರದು ಉಬುಂಟು, ಇನ್ನೊಬ್ಬರದು ಮ್ಯಾಕ್ ಆಗಿದ್ದರೂ ಎಲ್ಲರೂ 'ಯುವಿ ಸಿಂಕ್' ಎಂದರೆ ಒಂದೇ ಆವೃತ್ತಿಗಳು ಸಿಗುತ್ತವೆ. ಪೈವಿನ್32ರಂಥದು ವಿಂಡೋಸ್‌ಗೆ ಮಾತ್ರ ಬೇಕಾಗಿದ್ದರೆ, ಆಡ್ ಮಾಡುವಾಗಲೇ ಹಾಗೆಂದು ಗುರುತು ಹಾಕಬಹುದು. ಓಡಿಸುವಾಗ 'ಯುವಿ ರನ್ ಮೇನ್.ಪಿವೈ' ಎಂದರೆ ಸಾಕು, ಆಕ್ಟಿವೇಟ್ ಮಾಡುವ ಗೋಜಿಲ್ಲ. ಪರೀಕ್ಷೆ ಹತ್ತಿರ ಬಂದಾಗ 'ನನ್ನ ಲ್ಯಾಪ್‌ಟಾಪಲ್ಲಿ ಓಡ್ತಿತ್ತು ಸಾರ್' ಎನ್ನುವ ಮಾತು ಕಡಿಮೆಯಾಗುತ್ತದೆ.

ಮೂರನೆಯದು ಜಾಗ. ಪಾಂಡಾಸ್ ಹಾಕಿದ ಒಂದು ವೆನ್ವ್ ನೂರು ಎಂಬಿ ಸುಲಭವಾಗಿ ದಾಟುತ್ತದೆ, ಹತ್ತು ಪ್ರಾಜೆಕ್ಟಿಗೆ ಹತ್ತು ಪಟ್ಟು. ಯುವಿ ಒಂದೇ ಕ್ಯಾಶ್‌ನಲ್ಲಿ (ಇಳಿಸಿದ್ದನ್ನು ಕೂಡಿಡುವ ಫೋಲ್ಡರ್) ಇಟ್ಟುಕೊಂಡು ಪ್ರತಿ ಎನ್ವಿರಾನ್‌ಮೆಂಟಿಗೂ ಹಾರ್ಡ್‌ಲಿಂಕ್ (ಅದೇ ಫೈಲಿಗೆ ಇನ್ನೊಂದು ಹೆಸರು) ಕೊಡುತ್ತದೆ, ಡಿಸ್ಕ್‌ನಲ್ಲಿ ಜಾಗ ಒಂದೇ ಸಲ ಹೋಗುತ್ತದೆ. ಆದರೆ ಹಾರ್ಡ್‌ಲಿಂಕ್ ಒಂದೇ ಡ್ರೈವ್ ಒಳಗೆ ಮಾತ್ರ ಸಾಧ್ಯ. ಕ್ಯಾಶ್ ಸಿ ಡ್ರೈವ್‌ನಲ್ಲಿ, ಪ್ರಾಜೆಕ್ಟ್ ಡಿ ಡ್ರೈವ್‌ನಲ್ಲಿ ಇದ್ದರೆ 'ಹಾರ್ಡ್‌ಲಿಂಕ್ ಆಗಲಿಲ್ಲ, ಪೂರ್ತಿ ಕಾಪಿ ಮಾಡುತ್ತಿದ್ದೇನೆ' ಎಂಬ ಎಚ್ಚರಿಕೆ ಬರುತ್ತದೆ. ಕೆಲಸ ಕೆಡುವುದಿಲ್ಲ, ಉಳಿತಾಯ ಹೋಗುತ್ತದೆ ಅಷ್ಟೆ. 'ಯುವಿ_ಕ್ಯಾಶ್_ಡಿಐಆರ್' ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ಡಿ ಡ್ರೈವ್‌ನ ಒಂದು ಫೋಲ್ಡರ್ ಕೊಟ್ಟರೆ (ವೇರಿಯಬಲ್ ಹೆಸರು ಮಾತ್ರ ಇಂಗ್ಲಿಷಿನ ದೊಡ್ಡ ಅಕ್ಷರದಲ್ಲಿ) ಸರಿಹೋಗುತ್ತದೆ.

ಎಡವುವುದು ಎಲ್ಲಿ? ಯುವಿ ಕಟ್ಟಿದ ಎನ್ವಿರಾನ್‌ಮೆಂಟಿನೊಳಗೆ ಪಿಪ್ ಇರುವುದಿಲ್ಲ. ಅದನ್ನು ಆಕ್ಟಿವೇಟ್ ಮಾಡಿ ಹಳೆಯ ಅಭ್ಯಾಸದಂತೆ 'ಪಿಪ್ ಇನ್‌ಸ್ಟಾಲ್' ಹೊಡೆದರೆ, ಪಾತ್‌ನಲ್ಲಿ (ಆಜ್ಞೆಗಳನ್ನು ಸಿಸ್ಟಮ್ ಹುಡುಕುವ ಫೋಲ್ಡರುಗಳ ಸಾಲು) ಮುಂದೆ ಸಿಗುವ ಬೇರೆ ಪೈಥಾನಿನ ಪಿಪ್ ಓಡಿ ಪ್ಯಾಕೇಜ್ ಅಲ್ಲಿಗೆ ಹೋಗುತ್ತದೆ. ಇನ್‌ಸ್ಟಾಲ್ ಯಶಸ್ವಿ ಅಂತ ತೋರಿಸುತ್ತದೆ, ಇಂಪೋರ್ಟ್ ಆಗುವುದಿಲ್ಲ. 'ಯುವಿ ಆಡ್' ಅಥವಾ 'ಯುವಿ ಪಿಪ್ ಇನ್‌ಸ್ಟಾಲ್' ಬಳಸಬೇಕು. ಎರಡರಲ್ಲೂ ವ್ಯತ್ಯಾಸ ಇದೆ. 'ಯುವಿ ಪಿಪ್' ಮೂಲಕ ಹಾಕಿದ್ದು ಪಟ್ಟಿಗೆ ಹೋಗುವುದಿಲ್ಲ, ಮುಂದಿನ 'ಯುವಿ ಸಿಂಕ್' ಅದನ್ನು ಕಿತ್ತುಹಾಕುತ್ತದೆ.

ವಿಂಡೋಸ್ 10ಕ್ಕಿಂತ ಹಳೆಯದರಲ್ಲಿ ಯುವಿ ಬೇಡ. ಪೈಥಾನ್‌ಗಳನ್ನು ಅದು ಗಿಟ್‌ಹಬ್‌ನಿಂದ ಇಳಿಸುವುದರಿಂದ, ಪ್ರಾಕ್ಸಿ ಹಿಂದೆ ಗಿಟ್‌ಹಬ್ ಮುಚ್ಚಿರುವ ನೆಟ್‌ವರ್ಕಿನಲ್ಲಿ ಆ ಹೆಜ್ಜೆ ಸೋಲುತ್ತದೆ. ಆಗ ಪೈಥಾನ್ ಬೇರೆಯಾಗಿ ಹಾಕಿಕೊಂಡರೆ ಯುವಿ ಅದನ್ನೇ ಹುಡುಕಿ ಬಳಸುತ್ತದೆ.

ಕಾಂಡಾ ಯಾವಾಗ ಬೇಕು

ಕಾಂಡಾ ಪೈಥಾನ್ ಪ್ಯಾಕೇಜ್ ಮಾತ್ರವಲ್ಲ, ಸಿ ಲೈಬ್ರರಿ, ಕಂಪೈಲರ್, ಆರ್ ಭಾಷೆ, ನಕ್ಷೆ ಮಾಡುವ ಕ್ಯೂಜಿಐಎಸ್ ಎಲ್ಲವನ್ನೂ ತರಬಲ್ಲದು. 2012ರಲ್ಲಿ ಅದು ಹುಟ್ಟಿದಾಗ ವೀಲ್‌ಗಳ ಬಳಕೆ ಇನ್ನೂ ಶುರುವಾಗಿರಲಿಲ್ಲ, ವಿಂಡೋಸ್‌ನಲ್ಲಿ ಸೈಪೈ ಹಾಕುವುದೇ ಸಾಹಸ. ಈಗ ನಂಪೈ, ಪಾಂಡಾಸ್, ಸೈಕಿಟ್-ಲರ್ನ್ ಎಲ್ಲಕ್ಕೂ ವೀಲ್ ಇದೆ. 'ಡೇಟಾ ಸೈನ್ಸ್ ಅಂದ್ರೆ ಅನಕಾಂಡಾ' (ಕಾಂಡಾ ಜೊತೆಗೆ ರಾಶಿ ಪ್ಯಾಕೇಜು ತುಂಬಿಕೊಂಡು ಬರುವ ಕಟ್ಟು) ಎಂಬ ಮಾತು ಹತ್ತು ವರ್ಷ ಹಳೆಯದು, ಆದರೂ ಎಷ್ಟೋ ಲ್ಯಾಬ್ ಸೂಚನೆಗಳಲ್ಲಿ ಹಾಗೇ ಉಳಿದುಕೊಂಡಿದೆ.

ನಕ್ಷೆ ಕೆಲಸಕ್ಕೆ ಮಾತ್ರ ಇವತ್ತಿಗೂ ಇದೇ ನೆಮ್ಮದಿಯ ದಾರಿ. ರಾಸ್ಟರಿಯೋದಂಥ ಲೈಬ್ರರಿಯ ವೀಲ್ ತನ್ನೊಳಗೇ ಜಿಡಾಲ್ (ನಕ್ಷೆ ಫೈಲುಗಳನ್ನು ಓದಿ ಬರೆಯುವ ಲೈಬ್ರರಿ) ತುಂಬಿಕೊಂಡು ಬರುತ್ತದೆ, ಅಷ್ಟೇ ಸಾಕಾದರೆ ಪಿಪ್ ನಡೆಯುತ್ತದೆ. ಆದರೆ ಜಿಡಾಲ್‌ನ ಪೈಥಾನ್ ಪ್ಯಾಕೇಜೇ ಬೇಕೆಂದರೆ ಪಿಪ್‌ಗೆ ಸಿಗುವುದು ಸೋರ್ಸ್. ಯಂತ್ರದಲ್ಲಿ ಜಿಡಾಲ್ ಮೊದಲೇ ಇರಬೇಕು, ಅದರ ಆವೃತ್ತಿ ಪೈಥಾನ್ ಪ್ಯಾಕೇಜಿನ ಆವೃತ್ತಿಗೆ ಹೊಂದಬೇಕು. ವಿಂಡೋಸ್‌ನಲ್ಲಿ ಇದು ತಲೆಬಿಸಿ. ಅದರ ಬದಲು 'ಕಾಂಡಾ ಕ್ರಿಯೇಟ್ -ಎನ್ ನಕ್ಷೆ ಪೈಥಾನ್=3.12 ಜಿಡಾಲ್ ಜಿಯೋಪಾಂಡಾಸ್' ಎಂದು ಒಂದೇ ಸಾಲಿನಲ್ಲಿ ಮುಗಿಸಬಹುದು, ಆಮೇಲೆ 'ಕಾಂಡಾ ಆಕ್ಟಿವೇಟ್ ನಕ್ಷೆ'. ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಲಿ. ಬೇಕಾದ ಪ್ಯಾಕೇಜುಗಳನ್ನೆಲ್ಲ ಒಂದೇ ಸಾಲಿನಲ್ಲಿ ಕೇಳುವುದು ಮುಖ್ಯ. ಒಂದೊಂದಾಗಿ ಸೇರಿಸುತ್ತ ಹೋದರೆ ಪ್ರತಿಸಲವೂ ಹಳೆಯವು ಮೇಲೆ ಕೆಳಗೆ ಆಗಬಹುದು.

ಹಾಕಿಕೊಳ್ಳುವುದು ಯಾವುದನ್ನು? ಪೂರ್ತಿ ಅನಕಾಂಡಾ ಹಲವು ಜಿಬಿ ತಿನ್ನುತ್ತದೆ, ಅದರಲ್ಲಿ ಮುಕ್ಕಾಲು ನೀವು ಎಂದೂ ತೆರೆಯದವು. 200 ಅಥವಾ ಹೆಚ್ಚು ಜನರಿರುವ ವಾಣಿಜ್ಯ ಸಂಸ್ಥೆಗಳು ಅದರ ಮೂಲ ಚಾನೆಲ್ (ಪ್ಯಾಕೇಜುಗಳ ಸಂಗ್ರಹ) ಬಳಸಲು ಹಣ ಕಟ್ಟಬೇಕೆಂಬ ಷರತ್ತೂ ಇದೆ. ಮಿನಿಫೋರ್ಜ್ ಹಾಕಿಕೊಳ್ಳಿ. ಅದು ಸಣ್ಣದು, ಸಮುದಾಯ ನಡೆಸುವ ಕಾಂಡಾ-ಫೋರ್ಜ್ ಚಾನೆಲ್ಲಿನಿಂದಲೇ ತರುತ್ತದೆ, ಆ ಷರತ್ತಿನ ಗೊಡವೆ ಇಲ್ಲ. ಕಾಂಡಾ ಬಹಳ ನಿಧಾನ ಎಂಬ ಹಳೆಯ ದೂರು 2023ರ ಕೊನೆಗೆ ಬಂದ 23.10ರಿಂದ ಬಹುಮಟ್ಟಿಗೆ ತಗ್ಗಿದೆ, ಒಳಗಿನ ಲೆಕ್ಕಾಚಾರದ ಭಾಗವನ್ನು ಲಿಬ್‌ಮಾಂಬಾಗೆ ಬದಲಿಸಿದ್ದಾರೆ.

ಕಾಂಡಾ ಎನ್ವಿರಾನ್‌ಮೆಂಟಿನಲ್ಲಿ ಪಿಪ್ ಬಳಸಬಹುದೇ? ಬಳಸಬಹುದು, ಕಾಂಡಾ ಕೆಲಸ ಪೂರ್ತಿ ಮುಗಿದ ಮೇಲೆ ಮಾತ್ರ. ಪಿಪ್ ಬದಲಿಸಿದ್ದನ್ನು ಕಾಂಡಾ ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪಿಪ್ ಆದಮೇಲೆ ಮತ್ತೆ 'ಕಾಂಡಾ ಇನ್‌ಸ್ಟಾಲ್' ಹೊಡೆದರೆ ಒಂದರ ಫೈಲಿನ ಮೇಲೆ ಇನ್ನೊಂದು ಕೂತು ಎನ್ವಿರಾನ್‌ಮೆಂಟ್ ಕೆಡುತ್ತದೆ. ಹಾಗೆಯೇ ಕಾಂಡಾದೊಳಗೆ 'ಪಿಪ್ ಫ್ರೀಜ್' ಮಾಡಬೇಡಿ. ಪಟ್ಟಿಯಲ್ಲಿ ಆವೃತ್ತಿಯ ಜಾಗಕ್ಕೆ, ಪ್ಯಾಕೇಜ್ ಕಟ್ಟಿದ ಯಾವುದೋ ಯಂತ್ರದ ಫೈಲ್ ವಿಳಾಸಗಳು ಬರುತ್ತವೆ, ಇನ್ನೊಂದೆಡೆ ಅವು ಯಾವ ಉಪಯೋಗಕ್ಕೂ ಬಾರವು. 'ಕಾಂಡಾ ಎನ್ವ್ ಎಕ್ಸ್‌ಪೋರ್ಟ್ --ಫ್ರಮ್-ಹಿಸ್ಟರಿ' ಎಂದರೆ ನೀವು ಕೇಳಿದವು ಮಾತ್ರ ಬರುತ್ತವೆ. ಅದರಲ್ಲಿ ಪಿಪ್‌ನಿಂದ ಹಾಕಿದವು ಬರುವುದಿಲ್ಲ, ಕೈಯಿಂದ ಸೇರಿಸಬೇಕು.

ಪೊಯೆಟ್ರಿ ಮತ್ತು ಉಳಿದವು

2018ರಲ್ಲಿ ಬಂದ ಪೊಯೆಟ್ರಿ ಲಾಕ್ ಫೈಲ್ ಕಲ್ಪನೆಯನ್ನು ಪೈಥಾನಿಗರಿಗೆ ರೂಢಿ ಮಾಡಿಸಿದ್ದರಲ್ಲಿ ಪಾಲು ಪಡೆದದ್ದು, ಇವತ್ತಿಗೂ ಗಟ್ಟಿ. ಕಂಪನಿಯ ಹಳೆಯ ಪ್ರಾಜೆಕ್ಟ್ ಪೊಯೆಟ್ರಿಯಲ್ಲಿದ್ದರೆ ಅದರಲ್ಲೇ ಮುಂದುವರಿಯಿರಿ. 2025ರ ಜನವರಿಯ 2.0ರಿಂದ, ಎನ್ವಿರಾನ್‌ಮೆಂಟ್ ಚಾಲೂ ಮಾಡುತ್ತಿದ್ದ 'ಪೊಯೆಟ್ರಿ ಶೆಲ್' ಪ್ರತ್ಯೇಕ ಪ್ಲಗಿನ್ ಆಗಿದೆ, ಹಳೆಯ ಪಾಠ ನೋಡಿ ಹೊಡೆದರೆ ಆಜ್ಞೆ ಸಿಗುವುದಿಲ್ಲ. ಹೊಸದಾಗಿ ಶುರು ಮಾಡುವವರಿಗೆ ಯುವಿ ಇರುವಾಗ ಪೊಯೆಟ್ರಿ ಹಿಡಿಯಲು ಬಲವಾದ ಕಾರಣ ಕಾಣುವುದಿಲ್ಲ. ಇದೇ ಬಗೆಯ ಪಿಪ್‌ಎನ್ವ್ ಬಗ್ಗೆಯೂ ಅದೇ ಮಾತು. ಪೈಎನ್ವ್ ಲಿನಕ್ಸ್‌ನಲ್ಲಿ ಪೈಥಾನನ್ನು ಸೋರ್ಸ್‌ನಿಂದ ಕಂಪೈಲ್ ಮಾಡುತ್ತದೆ, ಹಳೆಯ ಡೆಸ್ಕ್‌ಟಾಪಿನಲ್ಲಿ ಅದು ಕಾಫಿ ಕುಡಿದು ಬಂದರೂ ಮುಗಿಯದ ಕೆಲಸ. ಯೂಟ್ಯೂಬ್ ಡೌನ್‌ಲೋಡರ್, ಕೋಡ್ ಫಾರ್ಮ್ಯಾಟರ್‌ನಂಥ ಒಂಟಿ ಉಪಕರಣಗಳಿಗೆ ಪಿಪ್‌ಎಕ್ಸ್ ಅಥವಾ 'ಯುವಿ ಟೂಲ್ ಇನ್‌ಸ್ಟಾಲ್' ಸರಿ.

ನೆಟ್ ಇಲ್ಲದ ಕಡೆ

ಜೂನ್‌ನಿಂದ ಆಗಸ್ಟ್‌ವರೆಗೆ ಕೊಟ್ಟಿಗೆಹಾರ, ಕೊಪ್ಪ, ಸಕಲೇಶಪುರದ ಕಡೆ ಕರೆಂಟೂ ನೆಟ್ಟೂ ಯಾವಾಗ ಇರುತ್ತದೆ ಹೇಳಲಾಗದು. ಪಿಪ್ ಪ್ರತಿ ಸಂಪರ್ಕಕ್ಕೆ 15 ಸೆಕೆಂಡ್ ಮಾತ್ರ ಕಾಯುತ್ತದೆ. '--ಟೈಮ್‌ಔಟ್ 100' ಎಂದು ಸೇರಿಸಿ. ದೊಡ್ಡ ವೀಲ್ ಅರ್ಧಕ್ಕೆ ನಿಂತರೆ ಹಳೆಯ ಪಿಪ್ ಮೊದಲಿನಿಂದ ಇಳಿಸುತ್ತಿತ್ತು. 2025ರ 25.1ರಲ್ಲಿ, ನಿಂತಲ್ಲಿಂದ ಮುಂದುವರಿಸುವ '--ರೆಸ್ಯೂಮ್-ರಿಟ್ರೈಸ್' ಬಂದಿದೆ, ಆದ್ದರಿಂದ ಮೊದಲು ಪಿಪ್ ಅನ್ನೇ ಅಪ್‌ಗ್ರೇಡ್ ಮಾಡಿಕೊಳ್ಳುವುದು ಲಾಭ.

ಪೂರ್ತಿ ನೆಟ್ ಇಲ್ಲದ ಯಂತ್ರಕ್ಕೆ ವೆನ್ವ್, ಪಿಪ್ ಜೋಡಿಯೇ ಎಲ್ಲಕ್ಕಿಂತ ಮೇಲು. ಚಿಕ್ಕಮಗಳೂರು ಪೇಟೆಯಲ್ಲಿ ಒಳ್ಳೆಯ ನೆಟ್ ಇರುವ ಕಡೆ ಕೂತು 'ಪೈಥಾನ್ -ಎಂ ಪಿಪ್ ಡೌನ್‌ಲೋಡ್ -ಆರ್ ರಿಕ್ವೈರ್‌ಮೆಂಟ್ಸ್.ಟಿಎಕ್ಸ್‌ಟಿ -ಡಿ ವೀಲ್ಸ್' ಎಂದರೆ ಎಲ್ಲ ಫೈಲುಗಳೂ 'ವೀಲ್ಸ್' ಫೋಲ್ಡರಿಗೆ ಬರುತ್ತವೆ. ಪೆನ್‌ಡ್ರೈವ್‌ನಲ್ಲಿ ಒಯ್ದು ತೋಟದ ಯಂತ್ರದಲ್ಲಿ 'ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್ --ನೋ-ಇಂಡೆಕ್ಸ್ --ಫೈಂಡ್-ಲಿಂಕ್ಸ್ ವೀಲ್ಸ್ -ಆರ್ ರಿಕ್ವೈರ್‌ಮೆಂಟ್ಸ್.ಟಿಎಕ್ಸ್‌ಟಿ'. ಇಳಿಸುವ ಯಂತ್ರ, ಹಾಕುವ ಯಂತ್ರ ಎರಡರಲ್ಲೂ ಪೈಥಾನ್ ಆವೃತ್ತಿ ಮತ್ತು ಆಪರೇಟಿಂಗ್ ಸಿಸ್ಟಮ್ ಒಂದೇ ಇರಬೇಕು, ಇಲ್ಲದಿದ್ದರೆ ಅಲ್ಲಿ ಹೋಗಿ ನೋಡಿದಾಗ 'ಹೊಂದುವ ಆವೃತ್ತಿ ಸಿಗಲಿಲ್ಲ' ಎನ್ನುತ್ತದೆ. ನಿಮ್ಮದು ಲಿನಕ್ಸ್, ಅಲ್ಲಿರುವುದು ವಿಂಡೋಸ್ ಆದರೆ ಡೌನ್‌ಲೋಡ್ ಆಜ್ಞೆಗೆ '--ಪ್ಲಾಟ್‌ಫಾರ್ಮ್ ವಿನ್_ಎಎಂಡಿ64 --ಪೈಥಾನ್-ವರ್ಷನ್ 3.12 --ಓನ್ಲಿ-ಬೈನರಿ=:ಆಲ್:' ಸೇರಿಸಿ. ಅದರ ಜೊತೆಗೆ ಪಟ್ಟಿಯೂ ವಿಂಡೋಸ್‌ಗೆ ಹೊಂದುವಂಥದೇ ಆಗಿರಲಿ.

ಕಾಫಿ ಎಲೆಯ ತುಕ್ಕುರೋಗವನ್ನು ಫೋಟೋದಿಂದ ಗುರುತಿಸುವ ಪ್ರಾಜೆಕ್ಟ್ ಈ ಭಾಗದಲ್ಲಿ ಸುಲಭವಾಗಿ ಹೊಳೆಯುವ ವಿಷಯ, ಅದಕ್ಕೆ ಪೈಟಾರ್ಚ್ ಬೇಕು. ಲಿನಕ್ಸ್‌ನಲ್ಲಿ ಸುಮ್ಮನೆ 'ಪಿಪ್ ಇನ್‌ಸ್ಟಾಲ್ ಟಾರ್ಚ್' ಎಂದರೆ ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡಿಗೆ ಬೇಕಾದ 'ಕೂಡಾ' (ಸಿಯುಡಿಎ) ಲೈಬ್ರರಿಗಳೆಲ್ಲ ಸೇರಿ ಜಿಬಿಗಟ್ಟಲೆ ಇಳಿಯುತ್ತದೆ, ನಿಮ್ಮ ಯಂತ್ರದಲ್ಲಿ ಆ ಕಾರ್ಡ್ ಇಲ್ಲದಿದ್ದರೂ. '--ಇಂಡೆಕ್ಸ್-ಯುಆರ್‌ಎಲ್' ಕೊಟ್ಟು ಪೈಟಾರ್ಚ್ ತಾಣದ ಸಿಪಿಯು ವಿಳಾಸದಿಂದ ತಂದರೆ ಅದರ ಸಣ್ಣ ಪಾಲಿನಲ್ಲಿ ಮುಗಿಯುತ್ತದೆ. ಆ ವಿಳಾಸ ಪೈಟಾರ್ಚ್ ತಾಣದ ಇನ್‌ಸ್ಟಾಲ್ ಪುಟದಲ್ಲೇ ಇದೆ, ಸಿಪಿಯು ಗುಂಡಿ ಒತ್ತಿ ನೋಡಿ. ವಿಂಡೋಸ್‌ನಲ್ಲಿ ಸುಮ್ಮನೆ ಹಾಕಿದರೆ ಬರುವುದೇ ಸಿಪಿಯು ಆವೃತ್ತಿ, ಕಾರ್ಡ್ ಇದ್ದವರು ಅಲ್ಲಿ ಉಲ್ಟಾ, 'ಕೂಡಾ' ಆವೃತ್ತಿಯ ವಿಳಾಸ ಕೊಡಬೇಕು. ಟೆನ್ಸರ್‌ಫ್ಲೋ ಆದರೆ 2.10ರ ನಂತರ ವಿಂಡೋಸ್‌ನಲ್ಲಿ ನೇರವಾಗಿ ಜಿಪಿಯು (ಗ್ರಾಫಿಕ್ಸ್ ಕಾರ್ಡ್) ಬಳಸುವುದೇ ಇಲ್ಲ, ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್‌ಎಲ್ 2 ಒಳಗಿನಿಂದ ಓಡಿಸಬೇಕು.

ಆಮೇಲೂ ಓಡದಿದ್ದರೆ

ಯಾವ ಉಪಕರಣ ಹಿಡಿದರೂ 'ಮಾಡ್ಯೂಲ್ ನಾಟ್ ಫೌಂಡ್' ಬಂದರೆ ಮೊದಲು ಮಾಡಬೇಕಾದ್ದು ಒಂದೇ. ಸ್ಕ್ರಿಪ್ಟಿನ ತಲೆಯಲ್ಲಿ 'ಇಂಪೋರ್ಟ್ ಸಿಸ್' ಹಾಕಿ, ಮುಂದಿನ ಸಾಲಿನಲ್ಲಿ 'ಸಿಸ್.ಎಕ್ಸಿಕ್ಯೂಟಬಲ್' ಪ್ರಿಂಟ್ ಮಾಡಿ. ಬರುವ ವಿಳಾಸದಲ್ಲಿ ನಿಮ್ಮ ಪ್ರಾಜೆಕ್ಟಿನ ಎನ್ವಿರಾನ್‌ಮೆಂಟ್ ಫೋಲ್ಡರ್ ಕಾಣದಿದ್ದರೆ ತಪ್ಪು ಪೈಥಾನ್ ಓಡುತ್ತಿದೆ. ವಿಎಸ್ ಕೋಡ್‌ನಲ್ಲಿ ಕಂಟ್ರೋಲ್, ಶಿಫ್ಟ್, ಪಿ ಒತ್ತಿ 'ಪೈಥಾನ್: ಸೆಲೆಕ್ಟ್ ಇಂಟರ್‌ಪ್ರಿಟರ್' ಆರಿಸಿ ಸರಿಪಡಿಸಬೇಕು. ಜುಪಿಟರ್ ನೋಟ್‌ಬುಕ್‌ನಲ್ಲಿ ಕರ್ನಲ್ (ಕೋಡ್ ಓಡಿಸುವ ಪೈಥಾನ್) ಬೇರೆ ಇರುತ್ತದೆ, ಎನ್ವಿರಾನ್‌ಮೆಂಟಿನೊಳಗೆ ಐಪೈಕರ್ನಲ್ ಹಾಕಿ ಆ ಕರ್ನಲ್ಲನ್ನೇ ಆರಿಸಿ. ವಿಂಡೋಸ್‌ನಲ್ಲಿ 'ಪೈಥಾನ್' ಎಂದು ಹೊಡೆದಾಗ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಂಡರೆ, ಸೆಟ್ಟಿಂಗ್ಸ್‌ನಲ್ಲಿ 'ಆಪ್ ಎಕ್ಸಿಕ್ಯೂಷನ್ ಅಲಿಯಾಸಸ್' ಹುಡುಕಿ ಪೈಥಾನ್ ಸಾಲುಗಳನ್ನು ಆಫ್ ಮಾಡಿ.

3.12ರಿಂದ, ಪ್ಯಾಕೇಜ್ ಕಟ್ಟಲು ಬಳಸುತ್ತಿದ್ದ 'ಡಿಸ್ಟ್‌ಯುಟಿಲ್ಸ್' ತೆಗೆದುಹಾಕಿದ್ದಾರೆ, ಹೊಸ ವೆನ್ವ್‌ನಲ್ಲಿ ಸೆಟಪ್‌ಟೂಲ್ಸ್ ಕೂಡ ತಾನಾಗಿ ಬರುವುದಿಲ್ಲ. ಹಳೆಯ ಲೈಬ್ರರಿ ಆ ಹೆಸರು ಹಿಡಿದು ಅತ್ತರೆ 'ಪಿಪ್ ಇನ್‌ಸ್ಟಾಲ್ ಸೆಟಪ್‌ಟೂಲ್ಸ್' ಬಹುಪಾಲು ಸಮಾಧಾನ ಮಾಡುತ್ತದೆ.

ಪ್ರಾಜೆಕ್ಟ್ ಫೋಲ್ಡರನ್ನು ಒನ್‌ಡ್ರೈವ್‌ಗೆ ಸಿಂಕ್ ಆಗುವ ಡೆಸ್ಕ್‌ಟಾಪ್ ಅಥವಾ ಡಾಕ್ಯುಮೆಂಟ್ಸ್‌ನಲ್ಲಿ ಇಡಬೇಡಿ. ಸಾವಿರಗಟ್ಟಲೆ ಸಣ್ಣ ಫೈಲುಗಳು ಮೇಲಕ್ಕೆ ಹೋಗಲು ಶುರುವಾಗಿ ನೆಟ್ಟೂ ಹೋಗುತ್ತದೆ, ಇನ್‌ಸ್ಟಾಲ್ ನಡುವೆ 'ಫೈಲ್ ಬಳಕೆಯಲ್ಲಿದೆ' ಎಂಬ ದೋಷವೂ ಬರಬಹುದು. ಡಿ ಡ್ರೈವ್ ತೆರೆದೊಡನೆ ಸಿಗುವ ಜಾಗದಲ್ಲೇ ಒಂದು ಚಿಕ್ಕ ಇಂಗ್ಲಿಷ್ ಹೆಸರಿನ ಫೋಲ್ಡರ್ ಒಳ್ಳೆಯದು, ವಿಂಡೋಸ್‌ನ 260 ಅಕ್ಷರದ ವಿಳಾಸ ಮಿತಿಯೂ ಅಡ್ಡ ಬರುವುದಿಲ್ಲ. ಗಿಟ್ ಬಳಸುವವರು '.ವೆನ್ವ್' ಫೋಲ್ಡರನ್ನು ಗಿಟ್‌ಇಗ್ನೋರ್‌ಗೆ ಸೇರಿಸಿ, ಲಾಕ್ ಫೈಲನ್ನು ಮಾತ್ರ ಗಿಟ್‌ಇಗ್ನೋರ್‌ಗೆ ಹಾಕಬೇಡಿ, ಅದು ಗಿಟ್‌ನಲ್ಲೇ ಇರಲಿ.

ಇನ್ನೊಬ್ಬರಿಗೆ ಕೆಲಸ ಒಪ್ಪಿಸುವಾಗ ಪೆನ್‌ಡ್ರೈವ್‌ನಲ್ಲಿ ಇರಬೇಕಾದವು: '.ವೆನ್ವ್' ಬಿಟ್ಟು ಉಳಿದ ಪ್ರಾಜೆಕ್ಟ್, ಆವೃತ್ತಿ ಸಂಖ್ಯೆ ಇರುವ ಪಟ್ಟಿ ಅಥವಾ ಲಾಕ್ ಫೈಲ್, ನೆಟ್ ಇಲ್ಲದ ಕಡೆಗಾದರೆ 'ವೀಲ್ಸ್' ಫೋಲ್ಡರ್ ಮತ್ತು ಅದೇ ಆವೃತ್ತಿಯ ಪೈಥಾನ್ ಇನ್‌ಸ್ಟಾಲರ್. ಕೊಡುವ ಮುಂಚೆ ನಿಮ್ಮ ಯಂತ್ರದಲ್ಲೇ ಬೇರೆ ಫೋಲ್ಡರಿಗೆ ಅದನ್ನು ಕಾಪಿ ಮಾಡಿ, ವೈಫೈ ಆಫ್ ಮಾಡಿ, ಹೊಸ ಎನ್ವಿರಾನ್‌ಮೆಂಟ್ ಕಟ್ಟಿ ಸ್ಕ್ರಿಪ್ಟ್ ಓಡಿಸಿ. ಯಾವ ವೀಲ್ ಬಿಟ್ಟುಹೋಗಿದೆ ಎಂಬುದು ಪಿಪ್ ಹೆಸರು ಸಮೇತ ಅಲ್ಲೇ ಹೇಳುತ್ತದೆ.